ಕಾಂತಿಯ ತಲೆಗೆ ಎರೆದ ಸುಳ್ಳು ನೀರು

ಮಾಣಿ,
ಸೋಣ ತಿಂಗಳು, 1967

ಗುರುವಾಯನಕೆರೆಯ ಪ್ರೇಮಾವತಿ ಮಾಮಿಗೆ, ನಿಮ್ಮ ನಾದಿನಿ ಪೂವಮ್ಮನ ಮಗಳು ಲೋಲಾಕ್ಷಿ ಮಾಡುವ ನಮಸ್ಕಾರಗಳು.

ನಮಸ್ಕಾರವನ್ನು ಮೊದಲೇ ಮಾಡಿ ಮುಗಿಸಿದ್ದೇನೆ. ಮುಂದೆ ಎಲ್ಲಿಯೂ ಅದಕ್ಕೆ ಜಾಗ ಸಿಗಲಿಕ್ಕಿಲ್ಲ. ನಿಮಗೆ ಓದು ಬರುವುದಿಲ್ಲ ಎಂದು ನನಗೆ ಗೊತ್ತು. ನಿಮ್ಮ ಮಗ ಸುಧಾಕರ ಭಾವನ ಕೈಗೆ ಕೊಟ್ಟರೆ ಅವರು ಅರ್ಧ ಓದಿ ಉಳಿದರ್ಧ ನುಂಗುತ್ತಾರೆ. ನುಂಗುವುದರಲ್ಲಿ ಅವರು ಮೊದಲಿನಿಂದಲೂ ಜಾಣರು. ಮಾವನ ಕೈಗೆ ಕೊಡುವ ಧೈರ್ಯ ಈಗ ನಿಮಗಿಲ್ಲ. ಆದ್ದರಿಂದ ಇದನ್ನು ನಿಮ್ಮ ಮಗಳು ಕಾಂತಿಯೇ ಓದಿ ಹೇಳಲಿ. ಅವಳಿಗೆ ಗೊತ್ತಿಲ್ಲದ್ದು ಇದರಲ್ಲಿ ಏನೂ ಇಲ್ಲ.

ಕಳೆದ ವಾರ ಬೀಡಿ ಬ್ರಾಂಚಿನ ಮಮ್ಮು ಬ್ಯಾರಿ ನಮ್ಮ ಜಗಲಿಗೆ ಬಂದು ತಲೆ ಕೆರೆಯುತ್ತಾ ನಿಂತ. ಜಗಲಿ ತುಂಬ ಬೀಡಿ ಕಟ್ಟುವ ಹುಡುಗಿಯರು. "ಗುರುವಾಯನಕೆರೆ ಹೋಟೆಲಿನ ಅಮ್ಮ ಒಂದು ಮಾತು ಹೇಳಿ ಕಳಿಸಿದ್ದಾರೆ. ಎಂತ ವಿಷಯ ಅಂತ ನನಗೆ ಗೊತ್ತಿಲ್ಲ, ನನ್ನನ್ನು ಬೈಯಬೇಡಿ. ಲೋಲಾಕ್ಷಿ ಬಾಯಿ ಮುಚ್ಚಿಕೊಂಡಿರಲಿ, ಮನೆತನದ ಮರ್ಯಾದೆ ಉಂಟು, ಅಂತ." ನಾನು ಉತ್ತರ ಕೊಡುವ ಮೊದಲೇ ಮೂಲೆಯಿಂದ ಒಬ್ಬಳು ಕೂಗಿದಳು: "ಲೋಲಕ್ಕನ ಬಾಯಿಗೆ ಮುಚ್ಚಳ ಮಂಗಳೂರಿನ ಬಂದರಿನಲ್ಲೂ ಸಿಗ್ಲಿಕ್ಕಿಲ್ಲ ಬ್ಯಾರಿಗಳೇ!" ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ನಿರ್ಧಾರ ಮಾಡಿದೆ, ನಿಮ್ಮ ಮಾತಿಗೆ ಉತ್ತರವನ್ನು ಬರೆದೇ ಕಳಿಸಬೇಕು ಎಂದು.

ಬಾಯಿ ಮುಚ್ಚುವ ವಿಷಯ ಬಂತಲ್ಲ, ಅಲ್ಲಿಂದಲೇ ಶುರು ಮಾಡುವ.

ನನಗೆ ಆಗ ಹದಿಮೂರು. ಬೇಸಿಗೆ ರಜೆಗೆ ನಿಮ್ಮಲ್ಲಿಗೆ ಬಂದಿದ್ದೆ. ಬಚ್ಚಲೊಲೆಗೆ ತರಗೆಲೆ ಗುಡಿಸಿ ತರಲು ಬುಟ್ಟಿ ಹಿಡಿದು ಗುಡ್ಡೆಗೆ ಹೋದವಳಿಗೆ ಹೊಟ್ಟೆಯ ಅಡಿಯಲ್ಲಿ ಏನೋ ಹಿಂಡಿದ ಹಾಗಾಯಿತು. ನೋಡಿದರೆ ಲಂಗದಲ್ಲಿ ರಕ್ತ. ನನಗೆ ಯಾರೂ ಏನೂ ಹೇಳಿರಲಿಲ್ಲ. ಅಮ್ಮ ತಿಂಗಳಿಗೆ ಮೂರು ದಿನ ಹೊರಗೆ ಕೂರುವಾಗ "ಕಾಗೆ ಮುಟ್ಟಿತು" ಎನ್ನುತ್ತಿದ್ದಳು. ನಾನು ಮೇಲೆ ಹಾರುವ ಕಾಗೆಯನ್ನು ನೋಡಿ ತಲೆ ತಗ್ಗಿಸಿ ಓಡುತ್ತಿದ್ದೆ, ಅಷ್ಟೇ. ಒಳಗೆ ಏನೋ ಒಡೆದುಹೋಗಿದೆ, ನಾನಿನ್ನು ಸಾಯುತ್ತೇನೆ ಎಂದುಕೊಂಡೆ. ಹತ್ತಿರದಲ್ಲಿ ತಂಪಾಗಿ ಕಂಡದ್ದು ನಾಗಬನ. ಕಲ್ಲುಗಳ ಎದುರು ಮೊಣಕಾಲೂರಿ, ನನ್ನನ್ನು ಉಳಿಸು ದೇವರೇ ಎಂದು ಅಳುತ್ತಾ ಕೂತೆ.

ನನ್ನನ್ನು ಹುಡುಕಿಕೊಂಡು ಬಂದವರು ನೀವು. ಕೈ ಹಿಡಿದು ಎಬ್ಬಿಸಿದಿರಿ. ತೊಳೆದಿರಿ, ಬಟ್ಟೆ ಮಡಚುವುದನ್ನು ತೋರಿಸಿದಿರಿ, ಬೆಲ್ಲದ ಕಾಪಿ ಕೊಟ್ಟಿರಿ. "ಹೆದರ್ಬೇಡ ಮಗಾ, ಎಲ್ಲ ಹೆಣ್ಣುಮಕ್ಕಳಿಗೂ ಆಗುವುದೇ. ನೀನು ಬನದೊಳಗೆ ಹೋದದ್ದು ಮಾತ್ರ ಯಾರಿಗೂ ಹೇಳ್ಬೇಡ. ನನ್ನ ನಿನ್ನ ಮಧ್ಯೆ ಇರ್ಲಿ." ಆ ಹೊತ್ತಿನಲ್ಲಿ ನನಗೆ ನೀವು ಅಮ್ಮನಿಗಿಂತ ಹೆಚ್ಚಾಗಿ ಕಂಡಿರಿ. ನಿಮ್ಮ ಸೀರೆಯ ಸೆರಗಿಗೆ ಗೋಳಿಬಜೆ ಕರಿದ ಎಣ್ಣೆಯ ವಾಸನೆ ಇತ್ತು. ಇವತ್ತಿಗೂ ಆ ವಾಸನೆ ಬಂದರೆ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ.

ಎರಡು ವರ್ಷ ಕಳೆದು ನನ್ನ ಕುತ್ತಿಗೆ, ಭುಜದ ಮೇಲೆ ಬಿಳಿ ಬಿಳಿ ಮಚ್ಚೆ ಎದ್ದಿತು. ಅದನ್ನೂ ಮೊದಲು ತೋರಿಸಿದ್ದು ನಿಮಗೇ. ಇನ್ಯಾರಿಗೆ ತೋರಿಸಲಿ? ಸುಧಾಕರ ಭಾವನಿಗೆ ನಾನೇ ಹೆಂಡತಿ ಎಂದು ಹುಟ್ಟಿದಾಗಲೇ ಮಾತಾಗಿತ್ತು. ಸೋದರಮಾವನ ಮಗ, ನಮ್ಮಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಕೇಳಬೇಕಾಗಿಯೂ ಇರಲಿಲ್ಲ. ಆದರೆ ನಿಮ್ಮ ಮನಸ್ಸಿನಲ್ಲಿ ನಿಮ್ಮ ಅಣ್ಣನ ಮಗಳಿದ್ದಳು. ಅದು ನನಗೆ ಗೊತ್ತಿರಲಿಲ್ಲ. ನೀವು ನನ್ನ ಕುತ್ತಿಗೆಯನ್ನು ಬೆಳಕಿಗೆ ತಿರುಗಿಸಿ ನೋಡಿದಿರಿ. "ಏನಿಲ್ಲ ಮಗಾ, ಹೋಗ್ತದೆ" ಎಂದಿರಿ.

ಆಮೇಲೆ ಬಂಟ್ವಾಳದ ಆ ಮದುವೆಯ ಊಟ. ಹಂತಿಯಲ್ಲಿ ನನ್ನ ಎಡಬಲಕ್ಕೆ ಸಣ್ಣ ಮಕ್ಕಳು ಕೂತಿದ್ದರು. ನೀವು ಅನ್ನದ ಪಾತ್ರೆ ಹಿಡಿದು ಬಂದು ನನ್ನ ಎಲೆಯ ಎದುರು ನಿಂತಿರಿ. ಬಡಿಸಲಿಲ್ಲ. ಇಡೀ ಚಪ್ಪರಕ್ಕೆ ಕೇಳುವ ಹಾಗೆ, ಆದರೆ ಜೇನಿನಂಥ ದನಿಯಲ್ಲಿ ಹೇಳಿದಿರಿ: "ಲೋಲಾಕ್ಷಿ, ನೀನು ಸ್ವಲ್ಪ ಆಚೆ ಕೂತ್ಕೊ ಮಗಾ. ಮಕ್ಕಳು ಇದ್ದಾರೆ." ನಾನು ಎಲೆ ಎತ್ತಿಕೊಂಡು ಚಪ್ಪರದ ಕಂಬದ ಆಚೆ ಹೋದೆ. ಹಿಂದೆ ನೀವು ಹೆಂಗಸರಿಗೆ ಪಿಸುಗುಟ್ಟುವುದು ಕೇಳುತ್ತಿತ್ತು. ಮುಟ್ಟಾದ ಮೈಯಲ್ಲಿ ನಾಗಬನ ಹೊಕ್ಕವಳು, ನಾಗದೋಷ ಮೈಮೇಲೆ ಎದ್ದಿದೆ, ನಾನೇ ಕಣ್ಣಾರೆ ಕಂಡವಳು, ಪಾಪದ ಹುಡುಗಿ, ಯಾರಿಗೂ ಹೇಳ್ಬೇಡಿ.

ನಾವು ತುಳುವರು, ಮಾಮಿ. ಕೋಳಿ ಕಳವಾದರೆ ಕ್ಷಮಿಸಿಯೇವು, ನಾಗನ ವಿಷಯದಲ್ಲಿ ನಮ್ಮ ಬೆನ್ನೆಲುಬು ನಡುಗುತ್ತದೆ. ಅದು ನಿಮಗೆ ಚೆನ್ನಾಗಿ ಗೊತ್ತಿತ್ತು. ಬರೀ ಮಚ್ಚೆ ಎಂದಿದ್ದರೆ ಜನ ಮದ್ದು ಹೇಳುತ್ತಿದ್ದರು. ನೀವು ಅದಕ್ಕೆ ನನ್ನ ನಿಮ್ಮ ಮಧ್ಯೆ ಇರಬೇಕಾಗಿದ್ದ ಗುಟ್ಟನ್ನು ಸೇರಿಸಿದಿರಿ. ಅಮ್ಮ ಹಾಲು ಕೊಡುವ ದನವನ್ನು ಮಾರಿ ಆಶ್ಲೇಷಾ ಬಲಿ ಮಾಡಿಸಿದಳು. ಮಚ್ಚೆ ಹೋಗಲಿಲ್ಲ. ಕೊನೆಗೆ ಯಾರೋ ಹೇಳಿದರೆಂದು ಮೂಡಬಿದ್ರೆಯ ಲೇಡಿ ಡಾಕ್ಟರಲ್ಲಿಗೆ ಕರೆದುಕೊಂಡು ಹೋದಳು. ಅವರು ನೋಡಿದರು, ನಕ್ಕರು. "ಇದು ಬೆವರಿಗೆ ಬರುವ ಸಿಬ್ಬ. ಈ ಸೆಕೆಯ ಊರಿನಲ್ಲಿ ಹದಿನೈದು ಹದಿನಾರರ ಮಕ್ಕಳಲ್ಲಿ ಎಷ್ಟೋ ಜನರಿಗೆ ಉಂಟು. ಮುಲಾಮು ಹಚ್ಚು, ಒದ್ದೆ ರವಿಕೆ ಹಾಕಬೇಡ, ಮತ್ತೊಬ್ಬರು ಮೈ ಒರೆಸಿದ ಬೈರಾಸು ಮುಟ್ಟಬೇಡ." ಮುಲಾಮು ಗಂಧಕದ ವಾಸನೆ ಹೊಡೆಯುತ್ತಿತ್ತು. ಮಳೆಗಾಲ ಮುಗಿಯುವುದರೊಳಗೆ ಕುತ್ತಿಗೆ ಕನ್ನಡಿಯಾಯಿತು.

ಆದರೆ ಬೆಳ್ತಂಗಡಿ ಕಡೆಯಿಂದ ನನ್ನನ್ನು ನೋಡಲು ಹೊರಟವರೆಲ್ಲ ಗುರುವಾಯನಕೆರೆಯಲ್ಲಿ ಬಸ್ಸು ಬದಲಾಯಿಸಬೇಕು. ಬಸ್ಸು ಬರುವ ತನಕ ನಿಮ್ಮ ಹೋಟೆಲಿನಲ್ಲಿ ಚಾ ಕುಡಿಯಬೇಕು. ಚಾ ಕುಡಿದವರು ನಮ್ಮ ಮಾಣಿ ಊರಿಗೆ ಬರಲಿಲ್ಲ. ಒಬ್ಬರಾದರೂ ಬರಲಿಲ್ಲ ಮಾಮಿ. ನಿಮ್ಮ ಚಾ ಅಷ್ಟು ಗಟ್ಟಿ.

ಸುಧಾಕರ ಭಾವನನ್ನು ನಾನು ಒಮ್ಮೆ ಬಸ್ಸಿನ ಹತ್ತಿರ ಹಿಡಿದು ನಿಲ್ಲಿಸಿ ಕುತ್ತಿಗೆ ತೋರಿಸಿದೆ. ನೋಡಿ, ಏನೂ ಇಲ್ಲ ಎಂದೆ. ಅವರು ನನ್ನ ಕುತ್ತಿಗೆಯನ್ನಲ್ಲ, ಸುತ್ತ ಯಾರು ನೋಡುತ್ತಿದ್ದಾರೆ ಎಂದು ನೋಡಿದರು. "ಅಮ್ಮ ಹೇಳಿದ ಮೇಲೆ ನಾನು ಎಂತ ಮಾಡ್ಲಿ ಮಾರಾಯ್ತಿ?" ಎಂದರು. ಎಂತ ಮಾಡುವುದು? ಏನೂ ಮಾಡಬೇಕಾಗಿಲ್ಲ, ಬಸ್ಸು ಹತ್ತಿ ಎಂದೆ. ಹತ್ತಿದರು. ಇವತ್ತು ನಮ್ಮ ಜಗಲಿಯಲ್ಲಿ ಯಾವ ಹುಡುಗಿಯಾದರೂ "ಅವನು ಒಳ್ಳೆಯವನು ಲೋಲಕ್ಕ, ಆದರೆ ಎಂತ ಮಾಡ್ಲಿ ಅಂತಾನೆ" ಎಂದರೆ ನಾನು ನಿಮ್ಮ ಮಗನ ಕಥೆ ಹೇಳುತ್ತೇನೆ. ಹೆಸರು ಹಾಕಿಯೇ ಹೇಳುತ್ತೇನೆ.

ಹೌದು, ಕಥೆ ಹೇಳುವುದೇ ನನ್ನ ಕೆಲಸವಾಯಿತು. ಬೀಡಿ ಕಟ್ಟುವಾಗ ಕೈಗೆ ಕೆಲಸ, ಕಣ್ಣಿಗೆ ಕೆಲಸ, ಕಿವಿ ಮಾತ್ರ ಖಾಲಿ. ಅಮ್ಮನಿಂದ ಕಲಿತ ಅಜ್ಜಿಕಥೆಗಳಿಂದ ಶುರು ಮಾಡಿದೆ. ಏಳು ಸಮುದ್ರದ ಆಚೆಯ ರಾಜಕುಮಾರಿ ಎಂದರೆ, ಎಲೆ ಕತ್ತರಿಸುತ್ತಿದ್ದ ಒಬ್ಬಳು "ಆ ರಾಜಕುಮಾರಿಗೆ ತಿಂಗಳು ತಿಂಗಳು ಹೊಟ್ಟೆನೋವು ಬರ್ತಿರ್ಲಿಲ್ವಾ ಲೋಲಕ್ಕ?" ಎಂದು ಕೇಳಿದಳು. ಅಲ್ಲಿಂದ ಕಥೆಯ ದಾರಿ ಬೇರೆಯಾಯಿತು. ಗೊತ್ತಿದ್ದದ್ದನ್ನು ಹೇಳಿದೆ, ಗೊತ್ತಿಲ್ಲದ್ದನ್ನು ಮೂಡಬಿದ್ರೆಗೆ ಹೋಗಿ ಡಾಕ್ಟರಮ್ಮನಲ್ಲಿ ಕೇಳಿ ಬಂದು ಹೇಳಿದೆ. ಎದೆಯ ಒಂದು ಬದಿ ಸಣ್ಣ ಒಂದು ಬದಿ ದೊಡ್ಡದಿದ್ದರೆ ರೋಗವಲ್ಲ. ಮೊಡವೆಗೆ ಸುಣ್ಣ ಹಚ್ಚಿದರೆ ಮುಖ ಸುಡುತ್ತದೆ, ಮೊಡವೆಯಲ್ಲ. ಯಾರಿಗೂ ಹೇಳಬೇಡ ಎಂದು ಕೈ ಹಿಡಿಯುವವನ ಕೈಯನ್ನು ಮೊದಲು ಬಿಡಿಸಿಕೊಳ್ಳಿ, ಆಮೇಲೆ ಅವನು ಎಷ್ಟು ಚಂದ ಎಂದು ಯೋಚಿಸಿ. ಹುಡುಗರೂ ಬರುತ್ತಾರೆ, ಅಂಗಳದ ಬದಿಯಲ್ಲಿ ನಿಂತು "ನನ್ನ ಒಬ್ಬ ದೋಸ್ತಿಗೆ ಒಂದು ತೊಂದರೆ ಉಂಟು" ಎಂದು ಕಿವಿ ಕೆಂಪು ಮಾಡಿಕೊಳ್ಳುತ್ತಾರೆ. "ನಿನ್ನ ದೋಸ್ತಿಗೆ ಹೇಳು, ನಿದ್ದೆಯಲ್ಲಿ ಬಟ್ಟೆ ಒದ್ದೆಯಾದರೆ ಶಕ್ತಿ ಹೋಗುವುದಿಲ್ಲ, ಸಂತೆಯವನ ಪುಡಿ ನುಂಗಿದರೆ ಹೊಟ್ಟೆ ಹೋಗ್ತದೆ" ಎಂದು ಕಳಿಸುತ್ತೇನೆ.

ಎಲ್ಲರಿಗೂ ತಪ್ಪದೆ ಹೇಳುವ ಮಾತು ಒಂದುಂಟು. ನಿಮ್ಮ ಗುಟ್ಟನ್ನು ಹಿರಿಯರಲ್ಲಿ ಹೇಳಿ, ಹೇಳಲೇಬೇಕು; ಆದರೆ ಮೊದಲು ಅವರು ಮತ್ತೊಬ್ಬರ ಗುಟ್ಟನ್ನು ನಿಮ್ಮ ಎದುರು ಹೇಗೆ ಬಿಚ್ಚುತ್ತಾರೆ ನೋಡಿಕೊಳ್ಳಿ. ನೀವು ಕಾಪಿಯ ಜೊತೆ ಇಡೀ ಊರಿನ ಹೆಂಗಸರ ಗುಟ್ಟನ್ನು ನನಗೆ ಬಡಿಸುತ್ತಿದ್ದಿರಿ, ಮಾಮಿ. ಹದಿಮೂರರ ಹುಡುಗಿಗೆ ಅದು ಪ್ರೀತಿ ಎಂದು ಕಂಡಿತು.

ಕಾಂತೀ, ಇಲ್ಲಿ ಸ್ವಲ್ಪ ನಿಲ್ಲಿಸಿ ಅಮ್ಮನಿಗೆ ನೀರು ಕೊಡು. ಮುಂದಿನದ್ದು ನಿನ್ನ ವಿಷಯ.

ಕಳೆದ ಆಟಿ ತಿಂಗಳ ಮಳೆ ಸುರಿಯುತ್ತಿದ್ದ ಒಂದು ದಿನ ಕೊಡೆಯಿಲ್ಲದೆ ಒಬ್ಬಳು ನಮ್ಮ ಅಂಗಳಕ್ಕೆ ಬಂದಳು. ನಾನು ಗುರುತಿಸಲಿಲ್ಲ. ಆ ಮದುವೆಯ ಸಮಯ ಅವಳು ನಿಮ್ಮ ಸೊಂಟದ ಮೇಲಿದ್ದ ಮಗು. "ನಾನು ಗುರುವಾಯನಕೆರೆ ಶೇಷಪ್ಪನವರ ಮಗಳು. ಅಮ್ಮ ನಿಮಗೆ ಮಾಡಿದ್ದು ನನಗೆ ಗೊತ್ತುಂಟು. ಬೈಯುವುದಿದ್ದರೆ ಬೈದು ಮುಗಿಸಿ, ಆಮೇಲೆ ನನ್ನ ಮಾತು ಕೇಳಿ" ಎಂದಳು. ಎಂಥ ಮಗಳನ್ನು ಹೆತ್ತಿದ್ದೀರಿ ನೀವು! ಸೋದರಮಾವನ ಮಗಳೆಂದು ಒಂದು, ಗಂಡನ ತಂಗಿಯೆಂದು ಇನ್ನೊಂದು, ಅವಳು ನನಗೆ ಎರಡು ಲೆಕ್ಕದಲ್ಲಿ ನಾದಿನಿಯಾಗಬೇಕಿತ್ತು. ಲೋಲಕ್ಕ ಎಂದು ಕರೆದಳು.

ಅವಳಿಗೆ ಹದಿನಾರು. ಇನ್ನೂ ಮೈ ನೆರೆದಿಲ್ಲ. ತಿಂಗಳು ತಿಂಗಳು ಹೊಟ್ಟೆಯ ಅಡಿಯಲ್ಲಿ ಕತ್ತರಿ ಆಡಿಸಿದ ಹಾಗೆ ನೋವು, ರಕ್ತ ಮಾತ್ರ ಇಲ್ಲ. ನೆರಿಯ ಊರಿನಿಂದ ಸಂಬಂಧ ಬಂದಾಗ ನೀವು ಅವಸರ ಮಾಡಿದಿರಿ. ನೋವು ಬಂತಲ್ಲ, ಉಳಿದದ್ದು ತಾನಾಗಿ ಬರುತ್ತದೆ ಎಂದುಕೊಂಡಿರಿ. ಮಗಳು ದೊಡ್ಡವಳಾದಳು ಎಂದು ನೆಂಟರನ್ನು ಕರೆದಿರಿ. ಐವರು ಮುತ್ತೈದೆಯರು ಹಿಂಗಾರ ಇಟ್ಟ ಕೊಡದಿಂದ ಅವಳ ತಲೆಗೆ ನೀರು ಎರೆದರು. ಮಡಿವಾಳಗಿತ್ತಿ ಮಡಿಬಟ್ಟೆ ತಂದಳು. ಆಗದೇ ಇದ್ದದ್ದಕ್ಕೆ ಪಾಯಸದ ಊಟ! ಆಮೇಲೆ ತಿಂಗಳಿಗೆ ಮೂರು ದಿನ ಅವಳನ್ನು ಹೊರಗೆ ಕೂರಿಸಿ, ಒಗೆಯಲು ಕೊಡುವ ಬಟ್ಟೆಗೆ ಅರಸಿನ ಸುಣ್ಣ ಕಲಸಿ ಕೆಂಪು ಮಾಡಿದಿರಿ, ಮಡಿವಾಳಗಿತ್ತಿಗೆ ಸಂಶಯ ಬರಬಾರದೆಂದು. ಅವಳು ನೋವಿನಲ್ಲಿ ಹೊರಳಾಡುವಾಗ "ಮೆತ್ತಗೆ ಅಳು, ಹೊರಗೆ ಕೇಳ್ತದೆ" ಎಂದಿರಿ. ಈ ಸೋಣ ತಿಂಗಳು ಕಳೆದ ಕೂಡಲೇ ಮದುವೆ ಎಂದು ನಿಶ್ಚಯ ಮಾಡಿದಿರಿ.

"ಲೋಲಕ್ಕ, ನಾನು ಹೆಣ್ಣೇ ಅಲ್ವಾ?" ಎಂದು ಕೇಳಿದಳು.

ನಿಜ ಹೇಳುತ್ತೇನೆ. ಇದನ್ನು ಕೇಳುತ್ತಿದ್ದಂತೆ ನನಗೆ ಮೊದಲು ಬಂದದ್ದು ಕನಿಕರವಲ್ಲ. ಉಪ್ಪಿನಕಾಯಿ ಭರಣಿ ತೆರೆದಾಗ ಬಾಯಲ್ಲಿ ನೀರೂರುವುದಿಲ್ಲವೇ, ಹಾಗಾಯಿತು. ನನ್ನ ಗುಟ್ಟು ನಿಮ್ಮ ಕೈಯಲ್ಲಿತ್ತು, ಈಗ ನಿಮ್ಮದು ನನ್ನ ಕೈಯಲ್ಲಿ. ನಾನು ಜಗಲಿಯಲ್ಲಿ ಒಂದು ಮಾತು ಆಡಿದರೆ ಸಾಯಂಕಾಲದೊಳಗೆ ಅದು ಬೀಡಿಯ ಕಟ್ಟುಗಳ ಜೊತೆ ಬ್ರಾಂಚಿಗೆ, ಅಲ್ಲಿಂದ ಬಂಟ್ವಾಳಕ್ಕೆ, ಅಲ್ಲಿಂದ ನೆರಿಯಕ್ಕೆ ಮುಟ್ಟುತ್ತಿತ್ತು. ಆದರೆ ಹುಡುಗಿ ಮಾತಾಡುತ್ತಾ ಇದ್ದವಳು ಹೊಟ್ಟೆ ಹಿಡಿದು ಎರಡಾಗಿ ಮಡಚಿಕೊಂಡಳು. ಸೇಡನ್ನು ಬದಿಗಿಟ್ಟು ಅವಳನ್ನು ಬಸ್ಸು ಹತ್ತಿಸಿದೆ. ಬದಿಗಿಟ್ಟೆ ಎಂದೆ, ಬಿಟ್ಟೆ ಎನ್ನಲಿಲ್ಲ.

ಸಿದ್ಧಕಟ್ಟೆ ದಾರಿಯಾಗಿ ಮೂಡಬಿದ್ರೆಗೆ ಹೋದೆವು. ಡಾಕ್ಟರಮ್ಮ ಪರೀಕ್ಷೆ ಮಾಡಿ ಹೊರಗೆ ಬಂದವರು ಈ ಸಲ ನಗಲಿಲ್ಲ. "ಇವಳು ಹೆಣ್ಣೇ. ತಿಂಗಳು ತಿಂಗಳು ಮುಟ್ಟೂ ಆಗ್ತಾ ಇದ್ದಾಳೆ. ಹುಟ್ಟುವಾಗಲೇ ದಾರಿಗೆ ಒಂದು ತೆಳು ಪೊರೆ ಅಡ್ಡ ಮುಚ್ಚಿಕೊಂಡಿದೆ, ಕೆಲವರಿಗೆ ಹಾಗಿರ್ತದೆ. ಬರಬೇಕಾದ್ದೆಲ್ಲ ಒಳಗೇ ನಿಂತಿದೆ. ಸಣ್ಣ ಆಪರೇಶನ್. ಆದರೆ ಇನ್ನೂ ತಡ ಮಾಡಿದರೆ ಗರ್ಭಕೋಶಕ್ಕೇ ಪೆಟ್ಟು. ಇವಳ ಅಪ್ಪನನ್ನು ನಾಳೆಯೇ ಕರಕೊಂಡು ಬಾ." ಜೋಯಿಸರಲ್ಲಿ ಪ್ರಶ್ನೆ ಇಟ್ಟಿದ್ದರೆ ಯಾವ ದೈವದ ಹೆಸರು ಬರುತ್ತಿತ್ತೋ! ನಿಮ್ಮ ಮಗಳನ್ನು ಕೊಲ್ಲುತ್ತಿದ್ದದ್ದು ಒಂದು ಪೊರೆ, ಮತ್ತು ನಿಮ್ಮ ಮರ್ಯಾದೆ.

ನಾವು ಹೋಟೆಲಿಗೆ ಬಂದಾಗ ಮಧ್ಯಾಹ್ನದ ಬಸ್ಸು ಇಳಿದವರು ಬೆಂಚು ತುಂಬ ಕೂತಿದ್ದರು. ಮಾವ ಗಲ್ಲಾದಲ್ಲಿ. ನೀವು ಹಿಟ್ಟು ಮೆತ್ತಿದ ಕೈಯಲ್ಲೇ ಅಡುಗೆಕೋಣೆಯ ಬಾಗಿಲಿಗೆ ಬಂದಿರಿ. ನನ್ನನ್ನು ನೋಡಿದಿರಿ, ನನ್ನ ಪಕ್ಕದಲ್ಲಿ ಕಾಂತಿಯನ್ನು ನೋಡಿದಿರಿ, ನಿಮಗೆ ತಿಳಿಯಿತು. ನಿಮ್ಮ ಮುಖದಿಂದ ರಕ್ತ ಇಳಿಯುವುದನ್ನು ನೋಡಲು ನಾನು ಹದಿಮೂರು ವರ್ಷ ಕಾದಿದ್ದೆ. "ಅಯ್ಯೋ ಲೋಲಾಕ್ಷಿಯಾ! ಬಾ ಮಗಾ, ಒಳಗೆ ಬಾ, ಊಟ ಮಾಡುವಿಯಂತೆ" ಎಂದಿರಿ.

"ಬೇಡ ಮಾಮಿ," ಎಂದೆ. "ಮಕ್ಕಳು ಇದ್ದಾರೆ."

ಆ ಹೊತ್ತಿಗೆ ನನ್ನ ನಾಲಗೆಯ ತುದಿಗೆ ಎಲ್ಲ ಬಂದು ನಿಂತಿತ್ತು. ಬೆಂಚಿನವರು ಚಾದ ಗ್ಲಾಸು ಹಿಡಿದು ನೋಡುತ್ತಿದ್ದರು. ಹೇಳಿದ್ದರೆ ನನ್ನ ಬದುಕಿನ ಎಲ್ಲ ಕಥೆಗಳಿಗಿಂತ ಚಂದ ಹೇಳುತ್ತಿದ್ದೆ. ಆದರೆ ಕಾಂತಿ ನನ್ನ ಕಿರುಬೆರಳನ್ನು ಹಿಡಿದಿದ್ದಳು. ಆ ಹಿಡಿತ ಬಿಗಿಯಾಯಿತು. ನಿಮಗೆಂದು ಎತ್ತಿದ ಕೋಲು ಅವಳ ಬೆನ್ನಿಗೆ ಬೀಳುತ್ತಿತ್ತು. ಅದಕ್ಕೇ ಮಾವನನ್ನು ಕೆರೆಯ ದಂಡೆಗೆ ಕರೆದುಕೊಂಡು ಹೋದೆ.

ಮಾವ ಎಲ್ಲವನ್ನೂ ನಿಂತುಕೊಂಡೇ ಕೇಳಿದರು. ಬೈರಾಸಿನಿಂದ ಮುಖ ಒರೆಸಿ, "ಅರಸಿನ ಸುಣ್ಣವಾ?" ಎಂದರು. ಹೌದು ಎಂದೆ. "ನನ್ನ ವೀಳ್ಯದ ಡಬ್ಬಿಯ ಸುಣ್ಣವಾ?" ಎಂದರು. ಅದು ನನಗೆ ಗೊತ್ತಿಲ್ಲ ಮಾವ ಎಂದೆ. ಆಮೇಲೆ ಒಮ್ಮೆಲೇ ನನ್ನ ಕಡೆ ತಿರುಗಿ, "ನಿನ್ನ ಕುತ್ತಿಗೆಯದ್ದು?" ಎಂದು ಕೇಳಿದರು. ಜಡೆ ಎತ್ತಿ ತೋರಿಸಿದೆ. "ಬೆವರಿನ ಸಿಬ್ಬ ಮಾವ. ನಾಲ್ಕು ತಿಂಗಳ ಮುಲಾಮಿಗೆ ಹೋಯಿತು. ನಿಮ್ಮಲ್ಲಿ ಯಾರೂ ಕೇಳ್ಲಿಲ್ಲ." ಮಾವ ಕೆರೆಯ ಕಲ್ಲಿನ ಮೇಲೆ ಕೂತುಬಿಟ್ಟರು. ಅಷ್ಟು ದೊಡ್ಡ ಗಂಡಸು ಅಳುವುದನ್ನು ನಾನು ನೋಡಿರಲಿಲ್ಲ.

ಮಾರನೆಯ ದಿನ ಆಪರೇಶನ್ ಆಯಿತು. ಕಾಂತಿ ಕಣ್ಣು ಬಿಟ್ಟು ಮೊದಲು ಹೇಳಿದ್ದು, "ಹೊಟ್ಟೆ ಹಗುರ ಆಯ್ತು ಲೋಲಕ್ಕ" ಎಂದು. ಮಾವ ತಾವೇ ನೆರಿಯಕ್ಕೆ ಹೋಗಿ ಹುಡುಗಿ ಇನ್ನೂ ಓದುತ್ತಾಳೆ ಎಂದು ಸಂಬಂಧ ಬಿಡಿಸಿಕೊಂಡು ಬಂದರು. ಈಗ ಅವರು ನಿಮ್ಮ ಕೈಯ ಅನ್ನ ಉಣ್ಣುವುದಿಲ್ಲವಂತೆ. ಗಿರಾಕಿಗಳ ಬೆಂಚಿನಲ್ಲಿ ಕೂತು ಸುಧಾಕರ ಭಾವ ಬಡಿಸಿದ್ದನ್ನು ಉಂಡು ಏಳುತ್ತಾರಂತೆ. ಅದನ್ನು ಕೇಳಿದ ದಿನ ನಾನು ಎರಡು ತುತ್ತು ಹೆಚ್ಚು ಉಂಡೆ. ಮಾವ ಯಾವತ್ತು ಮತ್ತೆ ನಿಮ್ಮ ಎದುರು ಎಲೆ ಹಾಕಿ ಕೂರುತ್ತಾರೋ ಅವತ್ತು ನಾನು ಉಪವಾಸ.

ಇನ್ನು ನಿಮ್ಮ ಬೇಡಿಕೆ. ನಾನು ಬಾಯಿ ಮುಚ್ಚಿಕೊಂಡಿರಬೇಕು.

ನನ್ನ ಕಥೆಯ ಬಗ್ಗೆ ನಿಮಗೆ ಯಾವ ಅಧಿಕಾರವೂ ಇಲ್ಲ. ಅದನ್ನು ದಿನಾ ಹೇಳುತ್ತೇನೆ. ಕಾಂತಿಯ ವಿಷಯ ಮಾತ್ರ ನನ್ನದಲ್ಲ, ಅದು ಅವಳ ಮೈ, ಅವಳ ಮಾತು. ನಾನು ಅದನ್ನು ಯಾರಿಗೂ ಹೇಳುವುದಿಲ್ಲ ಎಂದು ಮೊದಲೇ ಗಟ್ಟಿಮಾಡಿಕೊಂಡಿದ್ದೆ. ನಿಮ್ಮ ಹಾಗೆ ಆಗಬಾರದು ಎಂಬ ಒಂದೇ ಹಟಕ್ಕೆ. ಭಾನುವಾರ ಅವಳು ಬಂದಾಗ ಮಮ್ಮು ಬ್ಯಾರಿ ತಂದ ನಿಮ್ಮ ಮಾತನ್ನು ಅವಳಿಗೆ ಮುಟ್ಟಿಸಿದೆ. ಅವಳು ಎದ್ದು ಹೋಗಿ ಹುಡುಗಿಯರ ನಡುವೆ ಕೂತು, ಒಬ್ಬಳ ಬೀಡಿ ಎಲೆ ತುಂಬಿದ ತಡಪೆಯನ್ನು ತನ್ನ ಮಡಿಲಿಗೆ ಎಳೆದುಕೊಂಡು, "ನಾನೊಂದು ಕಥೆ ಹೇಳ್ತೇನೆ, ಕೇಳ್ತೀರಾ?" ಎಂದಳು.

ಮೊದಲಿನಿಂದ ಹೇಳಿದಳು ಮಾಮಿ. ನೋವು, ಹಿಂಗಾರ, ಐವರು ಮುತ್ತೈದೆಯರು, ಪಾಯಸ, ಡಾಕ್ಟರಮ್ಮ, ಪೊರೆ. ಎಲೆ ಕತ್ತರಿಸುವ ಸದ್ದು ನಿಂತುಹೋಯಿತು. ಕೊನೆಗೆ ಒಬ್ಬಳು ಕೇಳಿದಳು, "ಅದು ಸರಿ, ಬಟ್ಟೆಗೆ ಅರಸಿನ ಸುಣ್ಣ ಕಲಸಿದ್ದು ಯಾರು?" ನಿಮ್ಮ ಮಗಳು ತಡ ಮಾಡಲಿಲ್ಲ. "ನಮ್ಮಮ್ಮ. ಅವರ ಕೈಗುಣ ಎಷ್ಟು ಚಂದ ಅಂದ್ರೆ, ಒಂದು ಸಲವೂ ಬಣ್ಣ ಹೆಚ್ಚುಕಡಿಮೆ ಆಗ್ಲಿಲ್ಲ!" ಜಗಲಿಯ ಮಾಡು ಹಾರಿಹೋಗುವ ಹಾಗೆ ನಕ್ಕರು. ಕಾಂತಿಯೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ನಗು ನಿಂತ ಮೇಲೆ ಗೋಡೆಯ ಬದಿಯಲ್ಲಿ ಕೂತಿದ್ದ, ಯಾವತ್ತೂ ಬಾಯಿ ಬಿಡದ ಒಬ್ಬಳು ಕಾಂತಿಯ ಹತ್ತಿರ ಜರುಗಿ, "ನನಗೂ ಒಂದು ಕೇಳ್ಲಿಕ್ಕುಂಟು" ಎಂದಳು.

ನಾನು? ನಾನು ಬೀಡಿಗೆ ನೂಲು ಸುತ್ತುತ್ತಾ ಕೂತಿದ್ದೆ. ನೀವು ಅಪ್ಪಣೆ ಮಾಡಿದ ಹಾಗೆ ಬಾಯಿ ಮುಚ್ಚಿಕೊಂಡು.

ಆ ಹುಡುಗಿಯರು ನಾಳೆ ವೇಣೂರಿಗೆ, ಬೆಳ್ತಂಗಡಿಗೆ, ಉಜಿರೆಗೆ ಮದುವೆಯಾಗಿ ಹೋಗುವವರು. ಅವರಿಗೂ ಹೆಣ್ಣುಮಕ್ಕಳು ಹುಟ್ಟುತ್ತಾರೆ, ಅವರಿಗೂ ಹದಿಮೂರು ತುಂಬುತ್ತದೆ, ಹೆದರಬೇಡ ಎಂದು ಹೇಳುವಾಗ ಒಂದು ಕಥೆ ಬೇಕಾಗುತ್ತದೆ. ಅದರಲ್ಲಿ ನೀವಿದ್ದೀರಿ.

ನೂರು ವರ್ಷ ಬಾಳಿ ಮಾಮಿ. ಹಲ್ಲು ಬೀಳಲಿ, ಕಣ್ಣು ಮಂಜಾಗಲಿ, ಕಿವಿ ಮಾತ್ರ ಕೊನೆಯ ತನಕ ಚುರುಕಾಗಿರಲಿ ಎಂದು ದಿನಾ ದೀಪ ಹಚ್ಚುವಾಗ ಬೇಡಿಕೊಳ್ಳುತ್ತೇನೆ.

ನಿಮ್ಮ ಸೊಸೆಯಾಗದೆ ಉಳಿದ,
ಲೋಲಾಕ್ಷಿ